ಅರಿಕೆ ಮಾಡಿದ ಮೇಲೂ ಇಳಿಯದ ಭಾರ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಮ್ಮ ತಂದೆಯವರು ಉಯಿಲು ಬರೆಯದೆ 2003ರಲ್ಲಿ ತೀರಿಕೊಂಡರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಹೊರಮಾವಿನ ಕಡೆ ತಂದೆಯವರ ಹೆಸರಿನಲ್ಲಿ ಒಂದು ಸೈಟು ಇತ್ತು. ಮದುವೆಯಾಗಿ ತುಮಕೂರಿಗೆ ಹೋಗಿದ್ದ ನನ್ನ ಒಬ್ಬಳೇ ತಂಗಿಯನ್ನು ಕರೆಸಿ, ಖಾತೆ ಬದಲಾವಣೆಗೆ ಬೇಕಾದ ಕಾಗದವೆಂದು ಹೇಳಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತು ‘ಒಂದು ಸಲ ಓದಿಬಿಡು’ ಎಂದು ಬಾಯಿಮಾತಿಗೆ ಹೇಳಿದೆ. ‘ನೀನು ಹೇಳಿದ ಮೇಲೆ ಓದೋದೇನಣ್ಣ’ ಎಂದು ಅವಳು ಪೆನ್ನು ತೆಗೆದುಕೊಂಡಳು. ಈಗ ಆ ಜಾಗದಲ್ಲಿ ಮೂರು ಅಂತಸ್ತಿನ ಮನೆ ಇದೆ. ಅದರ ಬಾಡಿಗೆಯಿಂದ ನನ್ನ ಮಕ್ಕಳು ಓದಿದರು. ಎಂಟು ವರ್ಷಗಳಿಂದ ಪ್ರತಿ ಭಾನುವಾರ ಆರಾಧನೆಯಲ್ಲಿ ಪಾಪದ ಅರಿಕೆಯ ಹೊತ್ತಿಗೆ ಇದೊಂದನ್ನೇ ದೇವರ ಮುಂದೆ ಹೇಳುತ್ತೇನೆ. ಕ್ಷಮಾವಚನ ಕೇಳಿ ಆಮೆನ್ ಎನ್ನುತ್ತೇನೆ. ಮನೆ ಸೇರುವಷ್ಟರಲ್ಲಿ ಭಾರ ಮತ್ತೆ ಎದೆಯ ಮೇಲಿರುತ್ತದೆ. ‘ನಿನಗೇ, ಕೇವಲ ನಿನಗೇ ತಪ್ಪುಮಾಡಿದ್ದೇನೆ’ ಎಂದು ದಾವೀದನು 51ನೆಯ ಕೀರ್ತನೆಯಲ್ಲಿ ಹೇಳಿದ್ದಾನಲ್ಲವೇ? ಹಾಗಾದರೆ ದೇವರಿಗೆ ಹೇಳಿದ್ದು ಸಾಲದೇ? ತಂಗಿಗೆ ಹೇಳಿದರೆ ಇರುವ ಬಾಂಧವ್ಯವೂ ಮುರಿಯುತ್ತದೆ. ದೇವರು ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ತಿಳಿಸಿ.
(ಹೆಸರು ಪ್ರಕಟಿಸಬೇಡಿ, ಲಿಂಗರಾಜಪುರ, ಬೆಂಗಳೂರು)

ಉತ್ತರ: ಸಹೋದರರೇ, ನಿಮ್ಮ ಪತ್ರವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ತಂಗಿ ಆಡಿದ ಆ ಒಂದು ಮಾತನ್ನು ಇಷ್ಟು ವರ್ಷಗಳಾದರೂ ಅಕ್ಷರ ತಪ್ಪದಂತೆ ನೀವು ನೆನಪಿಟ್ಟುಕೊಂಡಿದ್ದೀರಿ ಎಂಬುದೇ ನಿಮ್ಮ ಮನಸ್ಸಾಕ್ಷಿ ಸತ್ತಿಲ್ಲ ಎನ್ನುವುದಕ್ಕೆ ಗುರುತು. ಅದಕ್ಕಾಗಿ ದೇವರನ್ನು ಸ್ತುತಿಸುತ್ತೇನೆ. ಆದರೆ ನೀವು ಕೇಳಿದ ಪ್ರಶ್ನೆಗೆ ಬರೀ ಸಮಾಧಾನದ ಉತ್ತರ ಕೊಟ್ಟು ಕಳಿಸಿದರೆ ನಿಮಗೆ ದ್ರೋಹ ಮಾಡಿದಂತಾಗುತ್ತದೆ.

ಮೊದಲಿಗೆ, ಕ್ಷಮೆಯ ಭರವಸೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಯೋಹಾನನು ಬರೆದ ಮೊದಲನೆಯ ಪತ್ರಿಕೆಯ 1:9ನೆಯ ವಚನ ನಿಮಗೆ ಬಾಯಿಪಾಠವಿರಬಹುದು. ನಾವು ಪಾಪಗಳನ್ನು ಅರಿಕೆಮಾಡಿದರೆ ದೇವರು ‘ನಂಬಿಗಸ್ತನೂ ನೀತಿವಂತನೂ’ ಆಗಿರುವುದರಿಂದ ಕ್ಷಮಿಸುತ್ತಾನೆ ಎಂದು ಅಪೊಸ್ತಲನು ಬರೆಯುತ್ತಾನೆ. ಅವನು ಇಲ್ಲಿ ‘ಕರುಣಾಳು’ ಎಂಬ ಪದವನ್ನು ಬಳಸಬಹುದಾಗಿತ್ತು, ಬಳಸಲಿಲ್ಲ. ದೇವರು ಕೊಟ್ಟ ಮಾತಿಗೆ ತಪ್ಪದವನಾದ್ದರಿಂದ ನಂಬಿಗಸ್ತನು. ನಮ್ಮ ಪಾಪಗಳಿಗಾಗಿ ಕ್ರಿಸ್ತನು ಪ್ರಾಣ ಕೊಟ್ಟಿರುವುದರಿಂದ, ಆತನ ಹೆಸರಿನಲ್ಲಿ ಬಂದವನನ್ನು ಕ್ಷಮಿಸುವುದು ದೇವರ ನೀತಿಗೆ ಕುಂದಲ್ಲ, ಅದು ನೀತಿಯೇ. ಆದ್ದರಿಂದ ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ನಿಮ್ಮ ಎದೆಯ ಹಗುರ ಅಥವಾ ಭಾರವನ್ನು ಅಳೆಯುತ್ತಾ ಕೂರುವುದು ತಪ್ಪು ಅಳತೆಗೋಲು. ನಮ್ಮ ಹೃದಯವೇ ನಮ್ಮನ್ನು ದೋಷಿಗಳೆಂದು ನಿರ್ಣಯಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನೆಂದು ಅದೇ ಪತ್ರಿಕೆಯ ಮೂರನೆಯ ಅಧ್ಯಾಯ ಹೇಳುತ್ತದೆ. ಎಷ್ಟೋ ಒಳ್ಳೆಯ ವಿಶ್ವಾಸಿಗಳು, ಮಾಡಬೇಕಾದ್ದೆಲ್ಲವನ್ನೂ ಮಾಡಿ ಮುಗಿಸಿದ ಮೇಲೂ, ಹಳೆಯ ಪಾಪದ ನೆನಪಿನಿಂದ ನರಳುವುದನ್ನು ಕಂಡಿದ್ದೇನೆ. ಅಂಥವರಿಗೆ ನಾನು ಈ ವಚನವನ್ನು ಓದಿ, ‘ನಿಮ್ಮ ಮನಸ್ಸು ಹೇಳುವುದನ್ನು ಬಿಡಿ, ದೇವರು ಹೇಳಿರುವುದನ್ನು ಹಿಡಿಯಿರಿ’ ಎಂದು ಧೈರ್ಯವಾಗಿ ಹೇಳುತ್ತೇನೆ.

ನಿಮಗೆ ಅಷ್ಟನ್ನೇ ಹೇಳಿ ನಿಲ್ಲಿಸಲಾರೆ. ನಿಮ್ಮ ವಿಷಯದಲ್ಲಿ ಮಾಡಬೇಕಾದ್ದು ಇನ್ನೂ ಉಳಿದಿದೆ.

ನಮ್ಮ ಕನ್ನಡ ಸತ್ಯವೇದದಲ್ಲಿ ಆ ವಚನ ‘ಒಪ್ಪಿಕೊಂಡು ಅರಿಕೆಮಾಡಿದರೆ’ ಎಂದಿದೆ. ಗ್ರೀಕ್ ಮೂಲದಲ್ಲಿ ಇರುವುದು ಒಂದೇ ಪದ. ಬಿಡಿಸಿ ನೋಡಿದರೆ ‘ಒಂದೇ ಮಾತನ್ನು ಆಡುವುದು’ ಎಂಬ ಅರ್ಥ ಬರುತ್ತದೆ. ಕನ್ನಡಕ್ಕೆ ತಂದವರು ಅದಕ್ಕೆ ಎರಡು ಪದಗಳನ್ನು ಕೊಟ್ಟದ್ದು ನನಗೆ ಬಹಳ ಒಪ್ಪಿಗೆಯಾದ ಸಂಗತಿ, ಏಕೆಂದರೆ ಅರಿಕೆ ಮಾಡುವುದು ಬಾಯಿಯ ಕೆಲಸವಾದರೆ ಒಪ್ಪಿಕೊಳ್ಳುವುದು ಬದುಕಿನ ಕೆಲಸ. ನನ್ನ ಕೃತ್ಯದ ಬಗ್ಗೆ ದೇವರು ಯಾವ ಮಾತನ್ನು ಆಡುತ್ತಾನೋ ಅದೇ ಮಾತನ್ನು ನಾನೂ ಆಡಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ತಾಯಿಯೂ ಇಲ್ಲದ ನಿಮ್ಮ ಮನೆಯಲ್ಲಿ ಆ ಸೈಟಿನ ಅರ್ಧ ನಿಮ್ಮ ತಂಗಿಯದಾಗಿತ್ತು. ಅದನ್ನು ಸುಳ್ಳು ಹೇಳಿ ತೆಗೆದುಕೊಂಡದ್ದನ್ನು ದೇವರು ಕಳವು ಎನ್ನುತ್ತಾನೆ. ನೀವು ಎಂಟು ವರ್ಷಗಳಿಂದ ಬಾಯಲ್ಲಿ ಅದನ್ನೇ ಹೇಳುತ್ತಿದ್ದೀರಿ. ಆದರೆ ತಿಂಗಳ ಮೊದಲ ವಾರ ಬಾಡಿಗೆ ಎಣಿಸಿಕೊಳ್ಳುವಾಗ ನಿಮ್ಮ ಕೈ ಬೇರೆ ಮಾತನ್ನು ಆಡುತ್ತಿದೆ. ನಿಮ್ಮ ಅರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಅರ್ಧ ದಾರಿಯಲ್ಲಿ ನಿಂತಿದೆ. ಪಾಪವನ್ನು ಒಪ್ಪಿಕೊಂಡು ಬಿಟ್ಟುಬಿಡುವವನಿಗೆ ಕರುಣೆ ದೊರೆಯುವುದೆಂದು ಜ್ಞಾನೋಕ್ತಿ 28:13 ಹೇಳುವಾಗ ಆ ‘ಬಿಟ್ಟುಬಿಡುವ’ ಎಂಬ ಮಾತನ್ನು ನಾವು ಕುಡಿತಕ್ಕೂ ವ್ಯಭಿಚಾರಕ್ಕೂ ಅನ್ವಯಿಸುತ್ತೇವೆ, ಕಟ್ಟಿಸಿದ ಮನೆಗೆ ಅನ್ವಯಿಸುವುದನ್ನು ಮರೆಯುತ್ತೇವೆ.

ಇನ್ನು ದಾವೀದನ ಮಾತು. ‘ಕೇವಲ ನಿನಗೇ’ ಎಂದು ದಾವೀದನು ಹೇಳಿದ್ದು ನಿಜ; ಯಾವ ಪಾಪವಾದರೂ ಕೊನೆಗೆ ಹೋಗಿ ತಗಲುವುದು ದೇವರಿಗೇ ಎಂಬುದೂ ನಿಜ. ಆದರೆ ಆ ಕೀರ್ತನೆಯ ಶೀರ್ಷಿಕೆಯನ್ನು ಓದಿದಿರಾ? ಅರಸನಾದ ದಾವೀದನು ಊರೀಯನ ಹೆಂಡತಿ ಬತ್ಷೆಬೆಯನ್ನು ಕೂಡಿ, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ ಮೇಲೆ, ಪ್ರವಾದಿ ನಾತಾನನು ಬಂದು ಐಶ್ವರ್ಯವಂತನು ಕಸಿದುಕೊಂಡ ಬಡವನ ಒಂದೇ ಕುರಿಮರಿಯ ಕಥೆ ಹೇಳಿದ ಮೇಲೆ, ಬಂದ ಪ್ರಾರ್ಥನೆ ಅದು. ಅಷ್ಟು ಹೊತ್ತಿಗೆ ಊರೀಯನು ಸತ್ತಿದ್ದ. ಅವನ ಬಾಗಿಲಿಗೆ ಹೋಗಿ ಕಾಲು ಹಿಡಿಯುವ ಅವಕಾಶ ದಾವೀದನಿಗೆ ಇರಲಿಲ್ಲ. ನಿಮ್ಮ ತಂಗಿ ತುಮಕೂರಿನಲ್ಲಿ ಬದುಕಿದ್ದಾರೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅವರ ಮನೆ ಸೇರಬಹುದು. ಊರೀಯನನ್ನು ಕಳೆದುಕೊಂಡವನ ಪ್ರಾರ್ಥನೆಯನ್ನು, ತಂಗಿಯನ್ನು ಉಳಿಸಿಕೊಂಡಿರುವ ಅಣ್ಣ ತನ್ನ ಮರೆಗೆ ಹಿಡಿದುಕೊಳ್ಳಬಾರದು. ನಿಮಗೆ ಹೊಂದುವ ಮಾತು ಲೂಕ 15ನೆಯ ಅಧ್ಯಾಯದಲ್ಲಿದೆ. ತಂದೆಯ ಆಸ್ತಿಯ ಪಾಲನ್ನು ಹಾಳುಮಾಡಿ ಮನೆಗೆ ಮರಳಿದ ಮಗ, ತಾನು ಪರಲೋಕಕ್ಕೆ ವಿರೋಧವಾಗಿಯೂ ತಂದೆಯ ಮುಂದೆಯೂ ಪಾಪ ಮಾಡಿದ್ದೇನೆಂದು ಎರಡು ಕಡೆಯ ಲೆಕ್ಕವನ್ನೂ ಒಪ್ಪಿಸುತ್ತಾನೆ.

ಮತ್ತಾಯ 5:23–24ರಲ್ಲಿ ಕರ್ತನು ಹೇಳಿದ ಮಾತನ್ನು ನಾವು ಓದುವಷ್ಟು ನಿಧಾನವಾಗಿ ಪಾಲಿಸುವುದಿಲ್ಲ. ಕಾಣಿಕೆಯನ್ನು ಹಿಡಿದು ಬಲಿಪೀಠದ ತನಕ ಬಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ಅಲ್ಲಿ ನೆನಪಿಗೆ ಬಂದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಸಮಾಧಾನವಾಗಿ ಬಾ ಎನ್ನುತ್ತಾನೆ. ನಿಮಗೆ ಆ ನೆನಪು ವಾರವಾರವೂ ಅದೇ ಸ್ಥಳದಲ್ಲಿ, ಅದೇ ಹೊತ್ತಿಗೆ ಬರುತ್ತಿದೆ. ಅದು ಪಿಶಾಚನ ಕಾಟವೆಂದು ನಾನು ತಿಳಿಯುವುದಿಲ್ಲ. ಎಂಟು ವರ್ಷಗಳಿಂದ ಕರ್ತನೇ ನಿಮಗೆ ‘ಎದ್ದು ಹೋಗು’ ಎನ್ನುತ್ತಿರುವನೆಂದು ನನ್ನ ನಂಬಿಕೆ.

ಇಲ್ಲಿ ಒಂದು ಎಚ್ಚರಿಕೆ. ಆಸ್ತಿ ಹಿಂದಿರುಗಿಸಿ ದೇವರ ಕ್ಷಮೆಯನ್ನು ಕೊಂಡುಕೊಳ್ಳುತ್ತೇನೆ ಎಂದು ಹೊರಟರೆ ದಾರಿ ತಪ್ಪುತ್ತೀರಿ. ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನಾದ ಜಕ್ಕಾಯನ ವೃತ್ತಾಂತದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಿ. ‘ಬೇಗನೆ ಇಳಿದು ಬಾ, ಈ ದಿನ ನಿನ್ನ ಮನೆಯಲ್ಲಿಯೇ ನಾನು ಉಳಿಯಬೇಕು’ ಎಂದು ಯೇಸು ಕರೆದದ್ದು ಮೊದಲು. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಜಕ್ಕಾಯನು ನಿಂತು ಹೇಳಿದ್ದು ಆಮೇಲೆ. ಮನೆಗೆ ಬಂದ ಅತಿಥಿಯನ್ನು ನೋಡಿ ಅವನ ಮುಷ್ಟಿ ತಾನಾಗಿ ಸಡಿಲವಾಯಿತು. ಹಿಂದಿರುಗಿಸುವುದು ಕ್ಷಮೆಯ ಬೆಲೆಯಾಗಿದ್ದರೆ ಬಡವನಿಗೆ ಕ್ಷಮೆಯೇ ಇಲ್ಲವೆಂದಾಗುತ್ತಿತ್ತು. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನು ಯಾರಿಗೂ ಏನನ್ನೂ ಹಿಂದಿರುಗಿಸಲಾರದೆ ಪರದೈಸಿಗೆ ಹೋದನು. ನಿಮ್ಮ ಕೈಗಳಿಗೆ ಮೊಳೆ ಹೊಡೆದಿಲ್ಲ, ಆದ್ದರಿಂದ ನೀವು ಹಿಂದಿರುಗಿಸಬೇಕು.

ಹೇಗೆ ಎಂದು ಕೇಳುತ್ತೀರಿ. ಮೊದಲು ನಿಮ್ಮ ಹೆಂಡತಿಗೆ ಹೇಳಿ. ಅವರಿಗೆ ತಿಳಿಯದಂತೆ ಈ ಕೆಲಸ ಮಾಡಿದರೆ ಒಂದು ಮೋಸವನ್ನು ಇನ್ನೊಂದು ಮರೆಮಾಚಿನಿಂದ ತೊಳೆದಂತಾಗುತ್ತದೆ. ಆಮೇಲೆ ತುಮಕೂರಿಗೆ ಖುದ್ದಾಗಿ ಹೋಗಿ. ಫೋನಿನಲ್ಲಿ ಬೇಡ, ವಾಟ್ಸ್ಆ್ಯಪ್‌ನಲ್ಲಿ ಖಂಡಿತ ಬೇಡ. ‘ತಪ್ಪೇನಾದರೂ ಆಗಿದ್ದರೆ ಕ್ಷಮಿಸು’ ಎಂಬ ಮಾತನ್ನು ಬಾಯಿಗೇ ತರಬೇಡಿ. ಆ ‘ಆಗಿದ್ದರೆ’ ಎಂಬುದು ಅರಿಕೆಯನ್ನು ಕೊಲ್ಲುತ್ತದೆ. ‘ಆ ದಿನ ನಿನಗೆ ಓದಲು ಕೊಟ್ಟ ಕಾಗದ ಖಾತೆಯದಲ್ಲ, ನಿನ್ನ ಪಾಲನ್ನು ಬಿಡಿಸಿಕೊಳ್ಳುವ ಕಾಗದ, ಅದು ನನಗೆ ಗೊತ್ತಿತ್ತು’ ಎಂದು ಹೇಳಿ. ಸತ್ಯವೇದದ ಅರಣ್ಯಕಾಂಡ 5:7ರ ನಿಯಮದಂತೆ ನಷ್ಟ ಮಾಡಿದವನು ಪಾಪವನ್ನು ಅರಿಕೆಮಾಡಿ, ಪೂರ್ತಿ ಮೊತ್ತದ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ, ಯಾರಿಗೆ ನಷ್ಟವಾಯಿತೋ ಅವರಿಗೇ ಕೊಡಬೇಕಾಗಿತ್ತು. ಪಡೆಯಬೇಕಾದವರು ಇರುವಾಗ ದೇವಾಲಯದ ಕಾಣಿಕೆಪೆಟ್ಟಿಗೆಗೆ ಹಾಕಿ ಕೈತೊಳೆದುಕೊಳ್ಳುವ ದಾರಿ ಅಲ್ಲಿ ಇರಲಿಲ್ಲ. ನಾವು ಇಂದು ಆ ನಿಯಮದ ಅಕ್ಷರಕ್ಕೆ ಬದ್ಧರಲ್ಲದಿದ್ದರೂ ಅದರ ನ್ಯಾಯವನ್ನು ಮೀರಲಾರೆವು. ಆದ್ದರಿಂದ 2003ರ ಬೆಲೆಯನ್ನು ಲೆಕ್ಕ ಹಾಕಿ ಕೊಡುವ ಆಲೋಚನೆ ಬಂದರೆ ಅದನ್ನು ತಳ್ಳಿಹಾಕಿ. ಆ ನೆಲದ ಇಂದಿನ ಬೆಲೆಯ ಅರ್ಧ ಅವರದು, ಇಷ್ಟು ವರ್ಷ ಅವರಿಗೆ ದಕ್ಕದೇ ಹೋದದ್ದಕ್ಕೂ ಏನಾದರೂ ಸೇರಲಿ. ಕಟ್ಟಡದ ಒಂದು ಭಾಗವನ್ನು ದಾನಪತ್ರದ ಮೂಲಕ ಬರೆದುಕೊಡುವುದೋ, ಕಂತುಗಳಲ್ಲಿ ಹಣವಾಗಿ ಕೊಡುವುದೋ ಎಂಬುದನ್ನು ಒಬ್ಬ ವಕೀಲರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಒಟ್ಟಿಗೆ ಕೊಡಲು ಆಗದಿದ್ದರೂ ಬರವಣಿಗೆಯಲ್ಲಿ ಕೊಡಿ. ಈ ಸಲ ಅವರು ಓದಿಯೇ ಸಹಿ ಹಾಕಲಿ.

ಅವರು ಸಿಟ್ಟಾಗಬಹುದು, ಅಳಬಹುದು, ಬಾಗಿಲು ಹಾಕಿಕೊಳ್ಳಬಹುದು. ಕ್ಷಮಿಸೆಂದು ಕೇಳುವುದು ನಿಮ್ಮ ಕರ್ತವ್ಯ. ಅಂದೇ ಕ್ಷಮಿಸಬೇಕೆಂದು ಒತ್ತಾಯಿಸುವ ಹಕ್ಕು ನಿಮಗಿಲ್ಲ. ‘ಕ್ರೈಸ್ತಳಾಗಿ ನೀನು ಕ್ಷಮಿಸಲೇಬೇಕು’ ಎಂದು ನೊಂದವರಿಗೆ ನೋಯಿಸಿದವರೇ ಬೋಧನೆ ಮಾಡುವುದನ್ನು ನಮ್ಮ ಸಭೆಗಳಲ್ಲಿ ಕೇಳಿ ಕೇಳಿ ನನಗೆ ನೋವಾಗಿದೆ. ಬಾಂಧವ್ಯ ಮುರಿಯುವ ಭಯ ನಿಮಗಿದೆ. ಆದರೆ ಈಗ ಇರುವ ಬಾಂಧವ್ಯ ಅವರು ಓದದೇ ಸಹಿ ಹಾಕಿದ ಕಾಗದದ ಮೇಲೆ ನಿಂತಿದೆ ಎಂಬುದನ್ನೂ ನೆನೆಯಿರಿ.

ನಾನು ಹೊಸದಾಗಿ ಸಭಾಪಾಲಕನಾಗಿದ್ದಾಗ ಆರಾಧನೆಯಲ್ಲಿ ಪಾಪದ ಅರಿಕೆಗೆ ಮುಂಚಿನ ಮೌನವನ್ನು ನಾಲ್ಕೈದು ಉಸಿರಿನಷ್ಟರಲ್ಲಿ ಮುಗಿಸಿಬಿಡುತ್ತಿದ್ದೆ. ಒಂದು ಭಾನುವಾರ ಹಿರಿಯ ತಾಯಿಯೊಬ್ಬರು ಬಾಗಿಲ ಬಳಿ ಕೈಹಿಡಿದು, ‘ಅಯ್ಯನವರೇ, ನಾನಿನ್ನೂ ಹೆಸರು ಹೇಳಿ ಮುಗಿಸಿರಲಿಲ್ಲ’ ಎಂದರು. ತಾವು ಯಾರಿಗೆ ನೋವು ಮಾಡಿದ್ದರೋ ಅವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರಂತೆ. ಅಂದಿನಿಂದ ನಾನು ಆ ಮೌನವನ್ನು ಅವಸರಪಡಿಸಿಲ್ಲ. ತುಮಕೂರಿನಿಂದ ಹಿಂದಿರುಗಿದ ಮೇಲಿನ ಭಾನುವಾರ ಆ ಮೌನದಲ್ಲಿ ನೀವು ತಂಗಿಯ ಹೆಸರು ಹೇಳಿ, ಆಮೇಲೆ ಬರುವ ಕ್ಷಮಾವಚನವನ್ನು ಕೇಳಿ. ಅದು ಹಿಂದಿನ ಎಂಟು ವರ್ಷವೂ ಕೇಳಿದ ಅದೇ ವಾಕ್ಯ. ಆಗಲೂ ಎದೆ ಭಾರವೆನಿಸಿದರೆ ಅದು ಬರಿಯ ಹಳೆಯ ಗಾಯದ ನೋವೆಂದು ತಿಳಿದು, ವಾಕ್ಯವನ್ನೇ ನಂಬಿ.

ಪ್ರಶ್ನೆ: ನನ್ನ ಹೆಂಡತಿ ಕಥೋಲಿಕ ಸಭೆಯವರು, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋಗಿ ಗುರುಗಳ ಬಳಿ ಪಾಪನಿವೇದನೆ ಮಾಡಿ ಬರುತ್ತಾರೆ. ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯವನು. ದೇವರೊಬ್ಬನೇ ಕ್ಷಮಿಸುವವನಾಗಿರುವಾಗ ಮನುಷ್ಯನ ಮುಂದೆ ಪಾಪ ಹೇಳುವುದು ಸತ್ಯವೇದಕ್ಕೆ ವಿರುದ್ಧವಲ್ಲವೇ? ಮನೆಯಲ್ಲಿ ಇದೇ ವಾದ ನಡೆಯುತ್ತಿರುತ್ತದೆ.
(ಓದುಗರು, ಕಮ್ಮನಹಳ್ಳಿ, ಬೆಂಗಳೂರು)

ಉತ್ತರ: ವಿರುದ್ಧವಲ್ಲ. ‘ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ’ ಎಂದು ಯಾಕೋಬ 5:16 ಹೇಳುತ್ತದೆ. ಪುನರುತ್ಥಾನವಾದ ಕರ್ತನು ಶಿಷ್ಯರ ಮೇಲೆ ಉಸಿರೂದಿ, ಅವರು ಯಾರ ಪಾಪಗಳನ್ನು ಕ್ಷಮಿಸುವರೋ ಅವು ಕ್ಷಮಿಸಲ್ಪಡುವವು ಎಂದದ್ದು ಯೋಹಾನ 20:23ರಲ್ಲಿದೆ. ಆ ಮಾತನ್ನು ಕಥೋಲಿಕ ಸಭೆ ಗುರುಗಳಿಗೆ ಕೊಟ್ಟ ಅಧಿಕಾರವೆಂದು ತಿಳಿದು, ಪಾಪನಿವೇದನೆಯನ್ನು ಸಂಸ್ಕಾರವಾಗಿ ನಡೆಸುತ್ತದೆ. ವಿವೇಕ ಬಲಿತ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ನಮ್ಮ ಸುಧಾರಣಾ ಪರಂಪರೆಯಲ್ಲಿ ಅದನ್ನು ಕ್ಷಮೆಯ ಸುವಾರ್ತೆಯನ್ನು ಸಾರುವ ಅಧಿಕಾರವೆಂದು ತಿಳಿಯುತ್ತೇವೆ. ಸಭಾಪಾಲಕರು ಕ್ಷಮಾವಚನ ಹೇಳುವಾಗ ದೇವರು ಮಾಡಿದ್ದನ್ನು ದೇವರ ಹೆಸರಿನಲ್ಲಿ ತಿಳಿಸುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಕ್ಷಮಿಸುವವನು ದೇವರೇ ಎಂಬುದರಲ್ಲಿ ನಿಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ, ಅದನ್ನು ಮರೆತು ವಾದಿಸಬೇಡಿ.

ಇನ್ನೊಂದು ಮಾತು ನಿಮಗೆ ಆಶ್ಚರ್ಯವೆನಿಸಬಹುದು. ಪಾಪದ ದಂಡನೆ ತಪ್ಪುವುದೆಂದು ಹಣಕ್ಕೆ ಕೊಡುತ್ತಿದ್ದ ಕ್ಷಮಾಪತ್ರಗಳ ಮಾರಾಟದ ವಿರುದ್ಧ 1517ರಲ್ಲಿ ದನಿಯೆತ್ತಿದ ಮಾರ್ಟಿನ್ ಲೂಥರ್, ಒಬ್ಬರ ಮುಂದೆ ಏಕಾಂತದಲ್ಲಿ ಪಾಪ ಹೇಳಿಕೊಳ್ಳುವುದನ್ನು ತೆಗೆದುಹಾಕಲಿಲ್ಲ. ಅದನ್ನು ಬಲವಂತದಿಂದ ಬಿಡಿಸಿದರು, ಅಷ್ಟೆ. 1529ರ ತಮ್ಮ ಚಿಕ್ಕ ಪ್ರಶ್ನೋತ್ತರ ಗ್ರಂಥದಲ್ಲಿ ಅದರ ಬಗ್ಗೆ ಬೋಧಿಸಿದರು, ಲೂಥರನ್ ಸಭೆಗಳ 1530ರ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣವೂ ಅದನ್ನು ಉಳಿಸಿಕೊಂಡಿತು. 1947ರಲ್ಲಿ ಸಿ.ಎಸ್.ಐ.ಗೆ ಸೇರಿದ ಸಭೆಗಳಲ್ಲಿ ಆಂಗ್ಲಿಕನ್ ಸಭೆಯೂ ಒಂದು. ಅದರ 1662ರ ಪ್ರಾರ್ಥನಾ ಪುಸ್ತಕವು, ತನ್ನ ಮನಸ್ಸಾಕ್ಷಿಯನ್ನು ತಾನೇ ಶಾಂತಪಡಿಸಿಕೊಳ್ಳಲಾರದವನು ಕರ್ತನ ಮೇಜಿಗೆ, ಅಂದರೆ ಯೇಸುವಿನ ನೆನಪಿಗಾಗಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ, ಬರುವ ಮುಂಚೆ ವಿವೇಕಿಯಾದ ಬೋಧಕನ ಬಳಿಗೆ ಹೋಗಿ ಹೇಳಿಕೊಳ್ಳಲಿ ಎಂದು ಕರೆಯುತ್ತದೆ. ನಾವು ಆ ಬಾಗಿಲನ್ನು ಬಳಸುವುದನ್ನು ಬಿಟ್ಟಿದ್ದೇವೆ, ಅದರಿಂದ ಬಡವರಾಗಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಒಬ್ಬ ಮನುಷ್ಯನ ಕಣ್ಣೆದುರು ಹೆಸರಿಟ್ಟು ಹೇಳುವಾಗ ನಾಲಿಗೆ ಎಷ್ಟು ತಡವರಿಸುತ್ತದೆ ಎಂಬುದು ಹೇಳಿದವರಿಗೆ ಗೊತ್ತು. ‘ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ’ ಎಂದು ಇನ್ನೊಬ್ಬರ ಬಾಯಿಂದ ಕಿವಿಗೆ ಬೀಳುವುದು ಎಂಥ ಉಪಕಾರವೆಂಬುದೂ ಅವರಿಗೇ ಗೊತ್ತು.

ಯಾರಿಗೆ ಹೇಳುವುದು ಎಂಬುದರಲ್ಲಿ ಮಾತ್ರ ಜಾಗ್ರತೆ ಇರಲಿ. ಕಥೋಲಿಕ ಗುರುಗಳು ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಬಯಲು ಮಾಡಿದವರಿಗೆ ಸಭಾಬಹಿಷ್ಕಾರವೇ ದಂಡನೆ. ನಮ್ಮಲ್ಲಿ ಗುಟ್ಟಾಗಿ ಹೇಳಿದ ಮಾತು ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ ಬುಧವಾರದ ಕೂಟಕ್ಕೆ ಬಂದು, ಗುರುವಾರ ಬೀದಿಯೆಲ್ಲ ಸುತ್ತಿದ ಉದಾಹರಣೆಗಳಿವೆ. ಅದು ಕೇಳಿದವರು ಮಾಡುವ ಪಾಪ, ಹೇಳಿದವರು ಮಾಡಿದ್ದಕ್ಕಿಂತ ಎಷ್ಟೋ ಸಲ ದೊಡ್ಡದು. ಬಾಯಿ ಗಟ್ಟಿಯಿರುವ, ತಾನೂ ಪಾಪಿಯೆಂದು ಬಲ್ಲ ಒಬ್ಬರನ್ನು ಹುಡುಕಿಕೊಳ್ಳಿ. ಹೆಂಡತಿಯವರು ವಿವೇಕನಗರಕ್ಕೆ ಹೊರಟಾಗ ಈ ಸಲ ಜೊತೆಯಲ್ಲಿ ಹೋಗಿ, ಅವರು ಸಾಲಿನಲ್ಲಿ ನಿಂತಿರುವಷ್ಟು ಹೊತ್ತು ನೀವು ಹಿಂದಿನ ಬೆಂಚಿನಲ್ಲಿ, ಪಾಪವನ್ನು ಅರಿಕೆಮಾಡಿ ಕ್ಷಮೆ ಪಡೆದವನ ಹಾಡಾದ 32ನೆಯ ಕೀರ್ತನೆಯನ್ನು ಓದಿ.

ಪ್ರಶ್ನೆ: 2021ರ ಕೊರೊನಾ ಹೊತ್ತಿನಲ್ಲಿ ನನ್ನ ಯಜಮಾನರಿಗೆ ಎಲ್ಲಿಯೂ ಹಾಸಿಗೆ ಸಿಗದೆ, ಆಟೋದಲ್ಲೇ ಪ್ರಾಣ ಹೋಯಿತು. ಆ ರಾತ್ರಿ ನಾನು ದೇವರನ್ನು ಬಾಯಿಗೆ ಬಂದಂತೆ ಬೈದು, ಸತ್ಯವೇದವನ್ನು ಬೀರುವಿನ ಮೇಲಕ್ಕೆ ಎಸೆದೆ. ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮೆಯಿಲ್ಲವೆಂದು ಮಾರ್ಕ 3:29ರಲ್ಲಿದೆ. ಅಂದಿನಿಂದ ನಾನು ಕರ್ತನ ಭೋಜನ ತೆಗೆದುಕೊಂಡಿಲ್ಲ. ನನಗೆ ಕ್ಷಮೆ ಇದೆಯೇ?
(ಒಬ್ಬ ತಾಯಿ, ದಾಸರಹಳ್ಳಿ, ಬೆಂಗಳೂರು)

ಉತ್ತರ: ಇದೆ, ತಾಯಿ. ಮುಂದಿನ 30ನೆಯ ವಚನವನ್ನೂ ಓದಿ. ಯೇಸು ದೆವ್ವಗಳನ್ನು ಬಿಡಿಸುವುದನ್ನು ಕಣ್ಣಾರೆ ಕಂಡೂ, ಅದು ದೆವ್ವಗಳ ಒಡೆಯನ ಬಲದಿಂದ ನಡೆದದ್ದೆಂದು ತಣ್ಣಗೆ ತೀರ್ಮಾನಿಸಿದ ಶಾಸ್ತ್ರಿಗಳಿಗೆ ಹೇಳಿದ ಮಾತು ಅದು. ಬೆಳಕನ್ನು ಕತ್ತಲೆಯೆಂದು ಹಟ ಹಿಡಿದವನು ಕ್ಷಮೆಯನ್ನು ಕೇಳುವುದೇ ಇಲ್ಲ. ನೀವು ಕೇಳುತ್ತಿದ್ದೀರಿ, ಸಿಗದೇ ಹೋದೀತೆಂದು ನಡುಗುತ್ತಿದ್ದೀರಿ. ಆ ರಾತ್ರಿ ನಿಮ್ಮ ಬಾಯಿಂದ ಬಂದದ್ದು ದುಃಖ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನು ತನ್ನ ಹುಟ್ಟಿದ ದಿನವನ್ನು ಶಪಿಸಿದ್ದೂ, 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುವುದೂ ಇದೇ ಸತ್ಯವೇದದಲ್ಲಿದೆ. ಬೈದದ್ದು ತಪ್ಪೆಂದು ಮನಸ್ಸು ಹೇಳಿದರೆ ಅದನ್ನೂ ಆತನಿಗೆ ಹೇಳಿಬಿಡಿ.

ಯೇಸುವಿನ ಶಿಷ್ಯನಾದ ಪೇತ್ರನು, ಕರ್ತನನ್ನು ಹಿಡಿದೊಯ್ದಾಗ, ಆತನನ್ನು ಅರಿಯೆನೆಂದು ಮೂರು ಸಲ ಹೇಳಿದ ರಾತ್ರಿ, ಚಳಿಗೆ ಇದ್ದಲಿನ ಬೆಂಕಿಯ ಬಳಿ ನಿಂತಿದ್ದನೆಂದು ಯೋಹಾನನು ಬರೆಯುತ್ತಾನೆ. ಪುನರುತ್ಥಾನದ ನಂತರ ಸಮುದ್ರದ ದಡದಲ್ಲಿ ಯೇಸು ಹೊತ್ತಿಸಿಟ್ಟಿದ್ದೂ ಇದ್ದಲಿನ ಬೆಂಕಿಯೇ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಪೇತ್ರನು ನೆನಪಿನಿಂದ ತಪ್ಪಿಸಿಕೊಳ್ಳಲಾಗದ ಆ ವಾಸನೆಯ ನಡುವೆಯೇ ಕರ್ತನು ಮೊದಲು ‘ಬಂದು ಊಟಮಾಡಿರಿ’ ಎಂದನು. ಪ್ರಶ್ನೆಗಳನ್ನು ಕೇಳಿದ್ದು ಊಟವಾದ ಮೇಲೆ.

ಬೀರುವಿನ ಮೇಲಿನಿಂದ ಆ ಪುಸ್ತಕವನ್ನು ಇಳಿಸಿಕೊಳ್ಳಿ. ಎತ್ತರಕ್ಕೆ ಕೈ ಎಟುಕದಿದ್ದರೆ ಮಗನನ್ನೋ ಪಕ್ಕದ ಮನೆಯವರನ್ನೋ ಕರೆಯಿರಿ. ನಿಮ್ಮ ಸಭೆಯಲ್ಲಿ ಮುಂದೆ ಕರ್ತನ ಭೋಜನ ಇರುವ ಭಾನುವಾರ ಎಲ್ಲರ ಜೊತೆ ಮೇಜಿನ ಬಳಿಗೆ ಹೋಗಿ ಕೈಚಾಚಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಹಿಂದಿನ ದಿನವೇ ನಿಮ್ಮ ಅಯ್ಯನವರಿಗೆ ಒಂದು ಮಾತು ತಿಳಿಸಿಡಿ.